ಸ್ಕ್ವಾಮ್ ಸರೋವರದ ಲೂನ್ ಮತ್ತು ಸೀಸದ ಗುಂಡು

ಅಮೆರಿಕದ ಈಶಾನ್ಯ ಮೂಲೆಯ ನ್ಯೂ ಹ್ಯಾಂಪ್‌ಷೈರ್ ರಾಜ್ಯದಲ್ಲಿ, ಬಾಸ್ಟನ್‌ನಿಂದ ಕಾರಿನಲ್ಲಿ ಸುಮಾರು ಎರಡು ಗಂಟೆಯ ದಾರಿ ಸವೆಸಿದರೆ ಸ್ಕ್ವಾಮ್ ಸರೋವರ ಸಿಗುತ್ತದೆ. 27 ಚದರ ಕಿಲೋಮೀಟರ್‌ನಷ್ಟು ನೀರು, ಅದರ ನಡುವೆ ಪೈನ್ ಮರ ಹೊತ್ತ ಸಣ್ಣ ಸಣ್ಣ ನಡುಗಡ್ಡೆಗಳು, ಸುತ್ತ ಕಾಡುಬೆಟ್ಟ. ಕ್ಯಾಥರಿನ್ ಹೆಪ್‌ಬರ್ನ್ ಮತ್ತು ಹೆನ್ರಿ ಫೋಂಡಾ ಇಬ್ಬರಿಗೂ ಆಸ್ಕರ್ ತಂದುಕೊಟ್ಟ 1981ರ ‘ಆನ್ ಗೋಲ್ಡನ್ ಪಾಂಡ್’ ಚಿತ್ರೀಕರಣಗೊಂಡದ್ದು ಇಲ್ಲೇ. ಅಂದಿನಿಂದ ಪ್ರವಾಸಿಗರ ಕಾಲು ಇತ್ತ ಹೆಚ್ಚು ತಿರುಗಿದೆ. ಬಂದವರು ಕಾಯುವುದು ಮಾತ್ರ ಒಂದು ಹಕ್ಕಿಗಾಗಿ. ಕಪ್ಪು ತಲೆ, ಕೆಂಪು ಕಣ್ಣು, ಬೆನ್ನ ಮೇಲೆ ಬಿಳಿ ಚೌಕಗಳ ಹಾಸು. ಇರುಳಾದರೆ ನೀರಿನಾಚೆಯಿಂದ ಉದ್ದನೆಯ ಕೂಗು. ಅದು ಲೂನ್. ಈ ಸರೋವರದಲ್ಲಿ ಅದನ್ನು ಉಳಿಸಲು ಜನ ಮಾಡುತ್ತಿರುವ ಕೆಲಸ ಬಹಳ, ಮೆಚ್ಚಬೇಕಾದದ್ದೇ. ಆದರೆ ಆ ಕೆಲಸದಲ್ಲಿ ಕಣ್ಣಿಗೆ ಚೆನ್ನಾಗಿ ಕಾಣುವುದು ಒಂದು, ಹಕ್ಕಿಯ ಉಳಿವನ್ನು ನಿರ್ಧರಿಸುವುದು ಇನ್ನೊಂದು. ನಿರ್ಧರಿಸುವ ವಸ್ತು ಗಾಳ ಹಾಕುವವರ ಡಬ್ಬಿಯಲ್ಲಿ ಬಿದ್ದಿರುವ ಕಾಳಿನಷ್ಟು ಗಾತ್ರದ ಸೀಸದ ಗುಂಡು.

ಲೂನ್ ನೀರಿಗೇ ಹುಟ್ಟಿದ ಹಕ್ಕಿ. ಬೇರೆ ಬಹುತೇಕ ಹಕ್ಕಿಗಳ ಮೂಳೆ ಟೊಳ್ಳಾದರೆ ಇದರ ಮೂಳೆ ಗಟ್ಟಿ. ಹಾಗಾಗಿ ಸದ್ದಿಲ್ಲದೆ ಮುಳುಗಬಲ್ಲದು. ಕಾಲುಗಳು ದೇಹದ ತೀರಾ ಹಿಂಬದಿಯಲ್ಲಿರುವುದರಿಂದ ನೀರೊಳಗೆ ಬಾಣದಂತೆ ನುಗ್ಗುತ್ತದೆ, ನೆಲದ ಮೇಲೆ ಮಾತ್ರ ಎದೆ ಎಳೆದುಕೊಂಡು ತೆವಳುತ್ತದೆ. ಅದಕ್ಕೇ ಗೂಡು ಕಟ್ಟುವುದು ನೀರಿನಂಚಿನಲ್ಲಿ. ಅಣೆಕಟ್ಟಿನಿಂದ ನೀರು ಒಂದಿಷ್ಟು ಏರಿದರೂ, ಮೋಟಾರು ದೋಣಿಯ ಅಲೆ ಬಡಿದರೂ ಮೊಟ್ಟೆ ತೇಲಿಹೋಗುತ್ತದೆ. 1975ರಲ್ಲಿ ಹುಟ್ಟಿದ ಲೂನ್ ಪ್ರಿಸರ್ವೇಷನ್ ಕಮಿಟಿ ಈ ದುಃಸ್ಥಿತಿಗೆ ಮದ್ದು ಹುಡುಕಿತು. ನೀರಿನೊಂದಿಗೆ ಏರಿಳಿಯುವ ತೇಲುಗೂಡು ಕಟ್ಟಿತು, ಗೂಡಿನ ಸುತ್ತ ಹಗ್ಗ ಎಳೆದು ಫಲಕ ತೂಗುಹಾಕಿತು, ಸ್ವಯಂಸೇವಕರನ್ನು ಕಾವಲಿಗೆ ನಿಲ್ಲಿಸಿತು. ಎಪ್ಪತ್ತರ ದಶಕದಲ್ಲಿ ರಾಜ್ಯದಲ್ಲಿ ನೂರರ ಆಸುಪಾಸಿನಲ್ಲಿದ್ದ ಜೋಡಿಗಳ ಸಂಖ್ಯೆ ಈಗ ಮುನ್ನೂರು ದಾಟಿದೆ.

ಹಾಗಾದರೆ ಇನ್ನೇನು ಚಿಂತೆ ಎಂದು ಕೇಳಬಹುದು. ಲೂನ್‌ಗಳ ಸಂಸಾರದ ಲೆಕ್ಕ ನೋಡಿದರೆ ಚಿಂತೆ ಅರ್ಥವಾಗುತ್ತದೆ. ವರ್ಷಕ್ಕೆ ಒಂದೋ ಎರಡೋ ಮೊಟ್ಟೆ, ನಾಲ್ಕು ವಾರದ ಕಾವು. ಮೊದಲ ದಿನಗಳಲ್ಲಿ ಮರಿ ತಾಯಿತಂದೆಯರ ಬೆನ್ನೇರಿ ತಿರುಗುತ್ತದೆ. ಅಷ್ಟಾದರೂ ಒಂದು ಜೋಡಿ ಸರಾಸರಿ ಎರಡು ವರ್ಷಕ್ಕೆ ಒಂದು ಮರಿಯನ್ನಷ್ಟೇ ದಡ ಮುಟ್ಟಿಸುತ್ತದೆ. ಆ ಮರಿ ಅಟ್ಲಾಂಟಿಕ್ ಕಡಲಿಗೆ ಹೋಗಿ ಕೆಲವು ವರ್ಷ ಅಲ್ಲೇ ಕಳೆದು, ಮರಳಿ ಬಂದು, ತನ್ನದೊಂದು ಜಾಗ ಹಿಡಿದು ಗೂಡು ಕಟ್ಟುವಾಗ ಆರರ ಹತ್ತಿರದ ವಯಸ್ಸು. ಇಷ್ಟು ನಿಧಾನದ ಬಾಳು ನಡೆಯುವುದು ದೊಡ್ಡ ಹಕ್ಕಿ ಇಪ್ಪತ್ತು, ಮೂವತ್ತು ವರ್ಷ ಬದುಕುತ್ತದೆಂಬ ಭರವಸೆಯ ಮೇಲೆ. ಮರಿ ಸತ್ತರೆ ಒಂದು ವರ್ಷದ ನಷ್ಟ. ಗೂಡು ಕಟ್ಟುವ ಹಕ್ಕಿ ಸತ್ತರೆ ಹತ್ತಾರು ವರ್ಷದ ನಷ್ಟ. ತೇಲುಗೂಡು ಮೊದಲನೆಯದನ್ನು ತಡೆಯುತ್ತದೆ, ಎರಡನೆಯದನ್ನಲ್ಲ.

ಆ ಎರಡನೆಯ ಸಾವು ಬರುವ ಬಗೆ ಹೀಗೆ. ಲೂನ್‌ಗೆ ಹಲ್ಲಿಲ್ಲ. ಅದು ತಳದ ಬೆಣಚುಕಲ್ಲುಗಳನ್ನು ನುಂಗಿ ಹೊಟ್ಟೆಯ ಗಿರಣಿಯಲ್ಲಿ ಇಟ್ಟುಕೊಂಡು ಮೀನಿನ ಮೂಳೆ ಅರೆಯುತ್ತದೆ. ಗಾಳ ಕಚ್ಚಿದ ಮೀನನ್ನು ನುಂಗಿದಾಗ, ಗಾಳ ಮುಳುಗಲೆಂದು ದಾರಕ್ಕೆ ಕಟ್ಟಿದ ಸೀಸದ ಗುಂಡೂ ಆ ಕಲ್ಲುಗಳ ನಡುವೆ ಸೇರುತ್ತದೆ. ಕಲ್ಲು ಉಜ್ಜುತ್ತದೆ, ಆಮ್ಲ ಕರಗಿಸುತ್ತದೆ, ಸೀಸ ರಕ್ತಕ್ಕೆ ಇಳಿಯುತ್ತದೆ. ಹಕ್ಕಿ ಮುಳುಗಲಾರದೆ, ಹಾರಲಾರದೆ ಎರಡರಿಂದ ನಾಲ್ಕು ವಾರದಲ್ಲಿ ಸಾಯುತ್ತದೆ. ಅದಕ್ಕೆ ಒಂದೇ ಗುಂಡು ಸಾಕು. 1989ರಿಂದ 2012ರವರೆಗೆ ರಾಜ್ಯದಲ್ಲಿ ಸಿಕ್ಕ ಸತ್ತ ದೊಡ್ಡ ಲೂನ್‌ಗಳ ಪರೀಕ್ಷೆಯಲ್ಲಿ ಹೆಚ್ಚುಕಡಿಮೆ ಅರ್ಧದ ಸಾವಿಗೆ ಸೀಸದ ಗಾಳಸಾಮಗ್ರಿಯೇ ಕಾರಣವೆಂದು ಕಂಡುಬಂತು. ಈ ಸಾವುಗಳಿಲ್ಲದಿದ್ದರೆ ಇರಬಹುದಾಗಿದ್ದ ಸಂಖ್ಯೆಗಿಂತ ಲೂನ್‌ಗಳು ಶೇ 43ರಷ್ಟು ಕಡಿಮೆಯಾದವೆಂದು 2018ರಲ್ಲಿ ಪ್ರಕಟವಾದ ಅಧ್ಯಯನ ಅಂದಾಜಿಸಿತು. ಮುನ್ನೂರು ಜೋಡಿಯ ಸಂಭ್ರಮವನ್ನು ಈ ಅಂಕಿಯ ಪಕ್ಕದಲ್ಲಿಟ್ಟೇ ನೋಡಬೇಕು.

ಆಕ್ಷೇಪಗಳಿಲ್ಲದಿಲ್ಲ. ಸೀಸವೊಂದನ್ನೇ ದೂರುವುದೇಕೆ ಎಂಬುದು ಮೊದಲನೆಯದು. ಸ್ಕ್ವಾಮ್‌ನ ಮಟ್ಟಿಗೆ ಇದರಲ್ಲಿ ಹುರುಳಿದೆ. 2004 ಮತ್ತು 2005ರ ನಡುವೆ ಈ ಸರೋವರದ ಲೂನ್‌ಗಳು ದಿಢೀರನೆ ಕುಸಿದವು. ಒಡೆಯದೆ ಉಳಿದ ಮೊಟ್ಟೆಗಳಲ್ಲಿ ಪಿಸಿಬಿ ಎಂಬ ಕೈಗಾರಿಕಾ ರಾಸಾಯನಿಕ, ಬೆಂಕಿನಿರೋಧಕ ರಾಸಾಯನಿಕಗಳಂಥ ವಿಷಗಳು ಹೆಚ್ಚಿನ ಪ್ರಮಾಣದಲ್ಲಿ ಸಿಕ್ಕವು. ಆದರೆ ದಶಕಗಳ ಹಿಂದೆ ಮಣ್ಣಿಗೆ ಸೇರಿದ ವಿಷವನ್ನು ತೆಗೆಯುವುದು ಯಾರ ಕೈಯಲ್ಲೂ ಸುಲಭವಿಲ್ಲ. ಡಬ್ಬಿಯಲ್ಲಿರುವ ಸೀಸವನ್ನು ಇಂದು ಸಂಜೆಯೇ ತೆಗೆಯಬಹುದು. ಹತ್ತು ಕಾರಣಗಳಿದ್ದಾಗ ಕೈಗೆಟುಕುವುದನ್ನು ಮೊದಲು ಹಿಡಿಯುವುದು ಜಾಣತನ.

ಎರಡನೆಯ ಆಕ್ಷೇಪ ಹೆಚ್ಚು ಚುರುಕಾದದ್ದು: ತಳದಲ್ಲಿ ತಲೆಮಾರುಗಳ ಸೀಸ ಬಿದ್ದಿದೆ, ಈಗ ನಿಷೇಧಿಸಿ ಫಲವೇನು? ಹಕ್ಕಿಗಳು ಹಳೆಯ ಗುಂಡನ್ನೇ ಹೆಕ್ಕುತ್ತಿದ್ದರೆ ಸಾವುಗಳು ಗಾಳದ ಕಾಲಕ್ಕೆ ತಾಳೆಯಾಗುವ ಕಾರಣವಿರಲಿಲ್ಲ. ಅವು ತಾಳೆಯಾಗುತ್ತವೆ, ಗಾಳ ಹಾಕುವವರು ಕಿಕ್ಕಿರಿಯುವ ಜುಲೈ, ಆಗಸ್ಟ್‌ನಲ್ಲೇ ಏರುತ್ತವೆ. ಸತ್ತ ಹಕ್ಕಿಯ ಹೊಟ್ಟೆಯಲ್ಲಿ ಗುಂಡಿನ ಜೊತೆಗೆ ಕೊಕ್ಕೆ, ನೈಲಾನ್ ದಾರವೂ ಸಿಗುತ್ತವೆ. ಅಂದರೆ ಕೊಲ್ಲುತ್ತಿರುವುದು ಹೆಚ್ಚಾಗಿ ಈಗ ಬಳಕೆಯಲ್ಲಿರುವ ಸೀಸ.

ಕಾನೂನು ಇದನ್ನು ಒಪ್ಪಿದೆ. ಸೀಸದ ಗಾಳಸಾಮಗ್ರಿಗೆ ಕಡಿವಾಣ ಹಾಕುವ ಶಾಸನವನ್ನು ದೇಶದಲ್ಲೇ ಮೊದಲು ತಂದದ್ದು ನ್ಯೂ ಹ್ಯಾಂಪ್‌ಷೈರ್. 2016ರ ಜೂನ್‌ನಿಂದ ಒಂದು ಔನ್ಸ್, ಅಂದರೆ 28 ಗ್ರಾಂವರೆಗಿನ ಸೀಸದ ಗುಂಡು ಮತ್ತು ಜಿಗ್‌ಗಳ (ಸೀಸದ ತಲೆಯ ಕೊಕ್ಕೆಗಳ) ಮಾರಾಟಕ್ಕೂ ಸಿಹಿನೀರಿನಲ್ಲಿ ಅವುಗಳ ಬಳಕೆಗೂ ನಿಷೇಧವಿದೆ. ಆದರೂ ಅಜ್ಜನ ಕಾಲದ ಡಬ್ಬಿ ಅಟ್ಟದ ಮೇಲೇ ಉಳಿಯುತ್ತದೆ, ಹೊರರಾಜ್ಯದಿಂದ ಬಂದವರ ಚೀಲವನ್ನು ಯಾರೂ ತಡಕುವುದಿಲ್ಲ. ತವರ, ಉಕ್ಕು, ಟಂಗ್‌ಸ್ಟನ್‌ನ ಗುಂಡು ತುಸು ದುಬಾರಿ ಎಂಬ ದೂರು ಸುಳ್ಳಲ್ಲ. ಅದಕ್ಕೇ 2018ರಿಂದ ಕೆಲವು ಅಂಗಡಿಗಳಲ್ಲಿ ಹಳೆಯ ಸೀಸ ಕೊಟ್ಟವರಿಗೆ ಕೂಪನ್ ಸಿಗುತ್ತಿದೆ. ದಂಡದ ಹೆದರಿಕೆಗಿಂತ ಈ ಕೂಪನ್ ಹೆಚ್ಚು ಕೆಲಸ ಮಾಡೀತು ಎಂಬುದು ನನ್ನ ಎಣಿಕೆ.

ಬಾಸ್ಟನ್ ಕಡೆಯ ಕನ್ನಡಿಗರು ಬೇಸಿಗೆಯಲ್ಲಿ ಈ ಸರೋವರಗಳತ್ತ ಹೊರಟರೆ ಗಾಳದ ಪೆಟ್ಟಿಗೆಯನ್ನು ಮನೆಯಲ್ಲೇ ಒಮ್ಮೆ ತೆರೆದು ನೋಡಿ. ಉಗುರು ಊರಿದರೆ ಗುರುತು ಬೀಳುವ ಗುಂಡು ಸೀಸದ್ದಿರಬಹುದು. ದೋಣಿಯಲ್ಲಿದ್ದಾಗ ಹತ್ತಿರ ಲೂನ್ ಕಂಡರೆ ದಾರ ಮೇಲೆಳೆದುಕೊಳ್ಳಿ. ಗೂಡಿನ ಮೇಲಿನ ಹಕ್ಕಿ ಕತ್ತು ಚಾಚಿ ನೀರಿನತ್ತ ಬಾಗಿಸಿ ಚಪ್ಪಟೆಯಾಗಿ ಮಲಗಿದ್ದರೆ ಅದು ಸಾಯುತ್ತಿದೆಯೆಂದು ನೆರವಿಗೆ ಹೋಗಬೇಡಿ. ನೀವು ಅಷ್ಟು ಹತ್ತಿರ ಬಂದದ್ದಕ್ಕೇ ಅದು ಹಾಗೆ ಮಲಗಿದೆ. ಸದ್ದಿಲ್ಲದೆ ದೋಣಿ ಹಿಂದಕ್ಕೆ ತಿರುಗಿಸಿ.