ಎರೆನೆಲದ ದಾರಿಗೊಪ್ಪುವ ಸೈಕಲ್ ಫ್ರೇಮು

ರಾಯಚೂರಿನ ಕೋಟೆಯ ಗೋಡೆಯಲ್ಲಿ 1294ರ ಶಾಸನವನ್ನು ಹೊತ್ತ, 40 ಅಡಿಗೂ ಮೀರಿದ ನಿಡಿದಾದ ಶಿಲೆಯೊಂದಿದ್ದು, ಅದನ್ನು ಬಂಡಿಯ ಮೇಲಿರಿಸಿ ಜಾನುವಾರುಗಳ ಸಾಲಿನಿಂದ ಎಳೆಯಿಸಿ ತಂದ ಬಗೆಯನ್ನು ಅಲ್ಲಿಯೇ ರೇಖಿಸಿರುವರು. ಭಾರವೆಷ್ಟು, ದಾರಿಯೆಂತಹುದು ಎಂಬೆರಡನ್ನು ಮೊದಲು ತೂಗಿನೋಡಿ ಆಮೇಲೆ ವಾಹನವನ್ನು ಕಟ್ಟಿದವರು ಅವರು. ಮುಂದೆ ಹಿಂದೆ ಎರಡೂ ಕಡೆ ಸಸ್ಪೆನ್ಷನ್ನುಳ್ಳ ಮೌಂಟನ್ ಬೈಕನ್ನು, ಬಿಡಿಭಾಗಗಳನ್ನು ಒಂದೊಂದಾಗಿ ಕೊಂಡು ತಾವೇ ಜೋಡಿಸಿಕೊಳ್ಳಬೇಕೆಂಬ ಹಂಬಲವುಳ್ಳ ತರುಣರಲ್ಲಿ ಈ ಕ್ರಮವು ತಲೆಕೆಳಗಾಗುವುದುಂಟು. ಹಿಮಾಲಯದ ಇಳಿಜಾರಿನಲ್ಲಿ ಧುಮುಕುವ ಸೈಕಲ್ಲಿನ ಚಿತ್ರವು ಮೊದಲು ಮನಸ್ಸನ್ನು ಸೆಳೆದುಕೊಳ್ಳುತ್ತದೆ, ಮಾನ್ವಿಯ ದಾರಿ ನೆನಪಾಗುವುದು ಹಣ ಕೊಟ್ಟ ಬಳಿಕ.

ಇಂತಹ ಬೈಕಿನ ಫ್ರೇಮು ಸಾಧಾರಣ ಸೈಕಲ್ಲಿನದರಂತೆ ಅಖಂಡವಾದುದಲ್ಲ. ಹಿಂಚಕ್ರವನ್ನು ಹಿಡಿದ ಭಾಗವು ಮುಂಭಾಗದೊಡನೆ ಬೇರಿಂಗುಗಳುಳ್ಳ ಕೀಲುಗಳಿಂದ ಕೂಡಿಕೊಂಡು, ಕಲ್ಲು ಎದುರಾದಾಗ ಮೇಲಕ್ಕೆ ಸರಿಯುವುದು; ನಡುವಣ ಶಾಕ್ ತನ್ನೊಳಗಿನ ಗಾಳಿಯನ್ನೋ ಸ್ಪ್ರಿಂಗನ್ನೋ ಅದುಮಿಸಿಕೊಂಡು ಆ ಏಟನ್ನು ತಾಳಿ, ಎಣ್ಣೆಯ ನೆರವಿನಿಂದ ಚಕ್ರವನ್ನು ಮೆಲ್ಲನೆ ಸ್ವಸ್ಥಾನಕ್ಕೆ ಮರಳಿಸುವುದು. ಚಕ್ರವು ಹೀಗೆ ಸರಿಯಬಲ್ಲ ದೂರಕ್ಕೆ ಟ್ರಾವೆಲ್ ಎನ್ನುವರು. ಪಂದ್ಯದ ಸೈಕಲ್ಲಿಗೆ 100ರಿಂದ 120 ಮಿ.ಮೀ., ಟ್ರೇಲ್ ಸೈಕಲ್ಲಿಗೆ 120ರಿಂದ 150, ಕಡಿದಾದ ಬೆಟ್ಟವಿಳಿಯುವವರಿಗೆ 160 ಮತ್ತು ಮೇಲೆ ಎಂಬುದು ಸ್ಥೂಲವಾದ ಲೆಕ್ಕ. ಕೃಷ್ಣಾ ತುಂಗಭದ್ರೆಗಳ ನಡುವಣ ನಮ್ಮ ಸೀಮೆ ಬಹುಮಟ್ಟಿಗೆ ಸಮತಲವಾಗಿದ್ದು, ಅಲ್ಲಲ್ಲಿ ತಲೆಯೆತ್ತಿದ ಬಂಡೆಗಲ್ಲಿನ ಗುಡ್ಡಗಳ ಇಳಿಜಾರು ಕ್ಷಣಮಾತ್ರದಲ್ಲಿ ಮುಗಿದುಹೋಗುವುದರಿಂದ, 120 ಇಲ್ಲವೆ 130 ಮಿ.ಮೀ. ಇಲ್ಲಿಗೆ ಧಾರಾಳವಾಯಿತು.

ನಿಜವಾದ ಪರೀಕ್ಷೆಯನ್ನು ಒಡ್ಡುವುದು ಮಣ್ಣು. ತುಂಗಭದ್ರಾ ಎಡದಂಡೆ ಕಾಲುವೆಯ ನೀರುಂಡ ಮಾನ್ವಿಯ ಎರೆಭೂಮಿಯಲ್ಲಾಗಲಿ, ನಾರಾಯಣಪುರ ಬಲದಂಡೆ ಕಾಲುವೆ ಹರಿಯುವ ದೇವದುರ್ಗದ ಹೊಲಗಳಲ್ಲಾಗಲಿ, ಒಂದು ಮಳೆ ಬಿದ್ದರೆ ಸಾಕು, ಮಣ್ಣು ಟೈರಿಗೆ ಮೆತ್ತಿ, ಸುತ್ತುಸುತ್ತಿಗೂ ದಪ್ಪವಾಗಿ, ಕಡೆಗೆ ಫ್ರೇಮಿನ ಕವಲಿಗೆ ತಾಗಿ ಚಕ್ರವನ್ನೇ ನಿಲ್ಲಿಸಿಬಿಡುತ್ತದೆ. ಆದುದರಿಂದ 2.5 ಅಂಗುಲದ ಟೈರು ಹಿಡಿಸುವ ಫ್ರೇಮನ್ನು ಆರಿಸಿ, ಅದರಲ್ಲಿ 2.3 ಅಂಗುಲದ ಟೈರನ್ನು ತೊಡಿಸುವುದು ಲೇಸು. ಕೀಲುಗಳ ಸ್ಥಾನವನ್ನೂ ನೋಡತಕ್ಕದ್ದು. ಪೆಡಲಿನ ಅಚ್ಚಿನ ಬಳಿ ಗಿಡ್ಡ ಕೊಂಡಿಯೊಂದನ್ನು ಅಡಗಿಸಿಟ್ಟ ವಿನ್ಯಾಸಗಳು ಏರಿನಲ್ಲಿ ಸೊಗಸಾಗಿ ನಡೆಯುವುವು, ನಿಜ. ಆದರೆ ಕೆಸರೂ ಹರಳೂ ಸೇರಿಕೊಳ್ಳುವುದು ಆ ಸಂದಿಯಲ್ಲಿಯೇ. ಒಂದೇ ಕೀಲಿನ ಫ್ರೇಮು, ಅಥವಾ ಹಾರ್ಸ್ಟ್ ಲಿಂಕ್ ಎಂಬ ನಾಲ್ಕು ಕೊಂಡಿಗಳ ಫ್ರೇಮು, ತೊಳೆಯಲು ಸುಲಭ. ಹಾರ್ಸ್ಟ್ ಲಿಂಕಿನ ಪೇಟೆಂಟನ್ನು ಅಮೆರಿಕದ ಸ್ಪೆಷಲೈಜ್ಡ್ ಸಂಸ್ಥೆಯು ಬಹುಕಾಲ ತನ್ನ ವಶದಲ್ಲಿಟ್ಟುಕೊಂಡಿತ್ತು. ಅದರ ಅವಧಿ ತೀರಿದ ಮೇಲೆ ಇತರರ ಫ್ರೇಮುಗಳಲ್ಲಿಯೂ ಅದು ನಿರಾತಂಕವಾಗಿ ಕಾಣಿಸಿಕೊಂಡಿತು.

ಸವಾರನ ದೇಹಭಾರವನ್ನು ಮರೆಯುವವರೇ ಹೆಚ್ಚು. ಟ್ರಾವೆಲನ್ನು ಶಾಕ್ ಅದುಮಿಕೊಳ್ಳುವ ಉದ್ದದಿಂದ ಭಾಗಿಸಿದರೆ ಸರಾಸರಿ ಸನ್ನೆಯ ಪ್ರಮಾಣ ಸಿಗುತ್ತದೆ: 130 ಮಿ.ಮೀ. ಟ್ರಾವೆಲಿಗೆ 55 ಮಿ.ಮೀ. ಶಾಕ್ ಇದ್ದಲ್ಲಿ ಅದು ಸುಮಾರು 2.4. ಈ ಸಂಖ್ಯೆ ಏರಿದಷ್ಟೂ ಭಾರವಾದ ಸವಾರನು ಶಾಕಿಗೆ ಹೆಚ್ಚು ಗಾಳಿಯನ್ನು ತುಂಬಬೇಕಾಗುವುದರಿಂದ, 90 ಕಿಲೋ ಮೀರಿದವರು ಕಡಿಮೆ ಪ್ರಮಾಣದ ಫ್ರೇಮನ್ನೇ ಹುಡುಕುವುದು ಯುಕ್ತ. ಸುಮ್ಮನೆ ಕುಳಿತಾಗ ಶಾಕ್ ತಾನು ಅದುಮಿಕೊಳ್ಳಬಲ್ಲ ಉದ್ದದ ಶೇ 25ರಿಂದ 30ರಷ್ಟು ತಗ್ಗಬೇಕು. ಉಷ್ಣತೆ 20 ಡಿಗ್ರಿ ಏರಿದರೆ ಗಾಳಿಯ ಒತ್ತಡವು ಶೇ 7ರಷ್ಟು ಏರುವುದರಿಂದ, ಮಾಘದ ಮುಂಜಾವಿನಲ್ಲಿ ಹೊಂದಿಸಿದ ಶಾಕ್ ವೈಶಾಖದ ಮಧ್ಯಾಹ್ನ ಗಡುಸಾಗಿ ತೋರಿದರೆ ಯಂತ್ರದಲ್ಲಿ ದೋಷವೆಣಿಸಬೇಕಿಲ್ಲ.

ಕಾರ್ಬನ್ ಫ್ರೇಮು ಹಗುರವೇನೋ ಹೌದು. ಆದರೂ ನನ್ನ ಒಲವು ಅಲ್ಯುಮಿನಿಯಮ್ಮಿನ ಕಡೆಗೆ. ಪೆಡಲಿನ ಅಚ್ಚು ಕೂರುವಲ್ಲಿ ತಿರುಪಿನ ಸುತ್ತುಗಳುಳ್ಳ 73 ಮಿ.ಮೀ. ಕೊಳವೆ, 148 ಮಿ.ಮೀ. ಹಿಂದಿನ ಹಬ್ಬು, ಸರ್ವೇಸಾಮಾನ್ಯ ಅಳತೆಯ ಶಾಕ್ ಇವಿಷ್ಟಿದ್ದರೆ ಬಿಡಿಭಾಗಗಳಿಗೆ ಪರದಾಟವಿಲ್ಲ. ಕೀಲುಗಳಲ್ಲಿ 6902ರಂತಹ ಪ್ರಸಿದ್ಧ ಸಂಖ್ಯೆಯ ಬೇರಿಂಗಿದ್ದರಂತೂ, ಅದನ್ನು ಪರದೇಶದಿಂದ ತರಿಸದೆ, ಬೇರಿಂಗ್ ಅಂಗಡಿಯಲ್ಲಿ ಸಂಖ್ಯೆ ಹೇಳಿ ಕೇಳಬಹುದು.

ಇಷ್ಟಾದ ಮೇಲೂ, ಗುಡ್ಡಗಳ ಗೊಡವೆಯಿಲ್ಲದೆ ಕಾಲುವೆಯ ದಂಡೆಯಲ್ಲಿಯೇ ಸುತ್ತಾಡುವವರಿಗೆ ಹಿಂದಿನ ಶಾಕಿನ ಅಗತ್ಯವೇ ಇಲ್ಲವೆಂದು ಹೇಳಬೇಕಾಗುತ್ತದೆ; ಮುಂದೆ ಮಾತ್ರ ಫೋರ್ಕುಳ್ಳ ಸೈಕಲ್ಲು ಅವರಿಗೆ ಸಾಕು, ಉಳಿದ ಹಣವು ಬಳ್ಳಾರಿ ಜಾಲಿಯ ಮುಳ್ಳನ್ನು ತಾಳಬಲ್ಲ ಟ್ಯೂಬ್‌ಲೆಸ್ ಟೈರಿಗೂ ಅದರೊಳಗೆ ಹೊಯ್ಯುವ ದ್ರವಕ್ಕೂ ಒದಗುವುದು.