ಕಬ್ಬಿನ ಹಾಲು ಲೋಳೆಯಾದಾಗ

ರಾತ್ರಿ ರುಬ್ಬಿಟ್ಟ ಇಡ್ಲಿ ಹಿಟ್ಟು ಬೆಳಗಾಗುವಷ್ಟರಲ್ಲಿ ಉಬ್ಬಿ ಪಾತ್ರೆಯ ಅಂಚಿಗೆ ಬಂದಿರುತ್ತದೆ. ಹೊರಗಿನಿಂದ ಯಾರೂ ಅದಕ್ಕೆ ಏನನ್ನೂ ಬೆರೆಸಿರುವುದಿಲ್ಲ. ಉದ್ದಿನ ಬೇಳೆಯ ಜೊತೆಗೇ ಬರುವ ಬ್ಯಾಕ್ಟೀರಿಯಾಗಳು ಈ ಕೆಲಸ ಮಾಡುತ್ತವೆ. ಅವುಗಳಲ್ಲಿ ಮುಖ್ಯವಾದದ್ದು ಲ್ಯುಕೊನೊಸ್ಟಾಕ್ ಮೆಸೆಂಟರಾಯ್ಡಿಸ್. ಹೆಸರು ಉದ್ದ, ಜೀವಿ ಮಾತ್ರ ಕಣ್ಣಿಗೆ ಕಾಣದಷ್ಟು ಚಿಕ್ಕದು.

ಮಂಡ್ಯ, ಮದ್ದೂರು, ಮಳವಳ್ಳಿಯ ಕಬ್ಬು ಬೆಳೆಗಾರರಿಗೆ ಇದೇ ಬ್ಯಾಕ್ಟೀರಿಯಾ ನಷ್ಟ ತರುತ್ತದೆ. ಆದರೆ ಆಸ್ಪತ್ರೆಯಲ್ಲಿ ರೋಗಿಗೆ ಉಪಕಾರವನ್ನೂ ಮಾಡಿದೆ. ಇದು ಹೇಗೆ?

ಸಕ್ಕರೆ ಎಲ್ಲಿ ಹೋಯಿತು?

ನಾವು ಬಳಸುವ ಸಕ್ಕರೆಯ ಒಂದೊಂದು ಅಣುವೂ ಗ್ಲೂಕೋಸ್ ಮತ್ತು ಫ್ರಕ್ಟೋಸ್ ಎಂಬ ಎರಡು ಸಣ್ಣ ಸಕ್ಕರೆಗಳ ಜೋಡಿ. ಕಬ್ಬನ್ನು ಕಡಿದ ಕೂಡಲೇ ಮಣ್ಣಿನಲ್ಲೂ ಸಿಪ್ಪೆಯ ಮೇಲೂ ಇರುವ ಈ ಬ್ಯಾಕ್ಟೀರಿಯಾ ಕಡಿದ ಬಾಯಿಯಿಂದ ಒಳಗೆ ನುಗ್ಗುತ್ತದೆ. ಅದು ಈ ಜೋಡಿಯನ್ನು ಬಿಡಿಸಿ, ಗ್ಲೂಕೋಸನ್ನು ಮಾತ್ರ ಆರಿಸಿ, ತಸ್ಬೀಹ್‌ನ ಮಣಿಗಳಂತೆ ಒಂದಕ್ಕೊಂದು ಪೋಣಿಸುತ್ತದೆ. ಸಾವಿರಾರು ಮಣಿಗಳ ಈ ಉದ್ದನೆಯ ಸರಕ್ಕೆ ಡೆಕ್ಸ್‌ಟ್ರಾನ್ ಎಂದು ಹೆಸರು. ಇಂತಹ ಉದ್ದ ಸರದ ಅಣುಗಳನ್ನೇ ವಿಜ್ಞಾನಿಗಳು ಪಾಲಿಮರ್ ಎನ್ನುತ್ತಾರೆ. ಪ್ಲಾಸ್ಟಿಕ್ ಕೂಡ ಪಾಲಿಮರ್ ಆದರೂ ಇದು ಸಕ್ಕರೆಯಿಂದಲೇ ಆದ ನೈಸರ್ಗಿಕ ಪಾಲಿಮರ್.

ಡೆಕ್ಸ್‌ಟ್ರಾನ್ ಆದ ಸಕ್ಕರೆ ಮತ್ತೆ ಸಕ್ಕರೆಯ ಹರಳಾಗುವುದಿಲ್ಲ. ಕಬ್ಬಿನ ಹಾಲು ಲೋಳೆಯಾಗುತ್ತದೆ, ಕಾರ್ಖಾನೆಯಲ್ಲಿ ಸೋಸುವುದು ಕಷ್ಟವಾಗುತ್ತದೆ, ಹರಳು ಕಟ್ಟುವುದು ನಿಧಾನವಾಗುತ್ತದೆ. ಹಳಸಿದ ಕಬ್ಬಿನಿಂದ ಬೆಲ್ಲ ಸರಿಯಾಗಿ ಗಟ್ಟಿಯಾಗುವುದಿಲ್ಲ ಎಂಬುದು ಆಲೆಮನೆಯವರಿಗೂ ಗೊತ್ತು. ಇಂತಹ ಲೋಳೆಗೆ ಸೂಕ್ಷ್ಮಜೀವಿಗಳೇ ಕಾರಣವೆಂದು ಫ್ರಾನ್ಸಿನ ಲೂಯಿ ಪಾಶ್ಚರ್ 1861ರಲ್ಲೇ ಹೇಳಿದ್ದರು.

ಗದ್ದೆಯಿಂದ ಕಾರ್ಖಾನೆಗೆ

ಕೃಷ್ಣರಾಜಸಾಗರದ ನೀರು ನಾಲೆಯಲ್ಲಿ ಹರಿದ ಮೇಲೆ ಮಂಡ್ಯದ ಬಯಲು ಕಬ್ಬಿನ ನಾಡಾಯಿತು. ಸರ್ ಮಿರ್ಜಾ ಇಸ್ಮಾಯಿಲ್ ಅವರು ಮೈಸೂರಿನ ದಿವಾನರಾಗಿದ್ದ ಕಾಲದಲ್ಲಿ, ಕೃಷಿ ಇಲಾಖೆಯ ಮುಖ್ಯಸ್ಥ ಲೆಸ್ಲಿ ಕೋಲ್ಮನ್ ಅವರ ಶ್ರಮದಿಂದ, 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾಯಿತು. ಅದನ್ನೇ ಜನರು ಮೈಷುಗರ್ ಎಂದು ಕರೆಯುತ್ತಾರೆ. ಮುಂದೆ ಮದ್ದೂರು ತಾಲೂಕಿನ ಕೆ.ಎಂ. ದೊಡ್ಡಿ ಮತ್ತು ಕೊಪ್ಪದಲ್ಲೂ ಕಾರ್ಖಾನೆಗಳು ಬಂದವು.

ಕಾರ್ಖಾನೆಗಳು ಹೆಚ್ಚಿದರೂ ಕಬ್ಬು ಕಾಯುವುದು ತಪ್ಪಲಿಲ್ಲ. ಕಟಾವಿನ ಆಳು ಸಿಕ್ಕಿದರೆ ಲಾರಿ ಇಲ್ಲ, ಲಾರಿ ಸಿಕ್ಕಿದರೆ ಕಾರ್ಖಾನೆಯ ಮುಂದೆ ಸಾಲು. ಮೈಷುಗರ್ ಕೆಲವು ವರ್ಷ ನಿಂತು 2022ರಲ್ಲಿ ಮತ್ತೆ ಕಬ್ಬು ಅರೆಯಲು ಆರಂಭಿಸಿತು. ಹತ್ತಿರದ ಕಾರ್ಖಾನೆ ನಿಂತಾಗ ಕಬ್ಬು ದೂರ ಸಾಗಬೇಕು, ದೂರ ಸಾಗಿದಷ್ಟೂ ಬ್ಯಾಕ್ಟೀರಿಯಾಕ್ಕೆ ಸಮಯ ಸಿಗುತ್ತದೆ. ಕಡಿದ ಕಬ್ಬು ಒಣಗಿ ತೂಕವೂ ಇಳಿಯುತ್ತದೆ. ರೈತನಿಗೆ ಹಣ ಸಿಗುವುದು ತೂಕಕ್ಕೆ. ಕೇಂದ್ರ ಸರಕಾರ ನಿಗದಿಪಡಿಸುವ ದರವಾದರೋ ಕಬ್ಬಿನಿಂದ ಬರುವ ಸಕ್ಕರೆಯ ಇಳುವರಿಯನ್ನು ಅವಲಂಬಿಸಿದೆ. ಈ ನಷ್ಟ ಕೊನೆಗೆ ಮನೆಯೊಳಗೇ ಬರುತ್ತದೆ. ಮಕ್ಕಳ ಶಾಲೆಯ ಶುಲ್ಕ ಬಾಕಿ ಉಳಿಯುತ್ತದೆ, ಅಡವಿಟ್ಟ ಬಳೆಯನ್ನು ಬಿಡಿಸುವುದು ಮುಂದಕ್ಕೆ ಹೋಗುತ್ತದೆ.

ಲೋಳೆಯಿಂದ ಔಷಧ

ಇನ್ನು ಉಪಕಾರದ ಕಡೆಗೆ ಬರೋಣ. 1940ರ ದಶಕದಲ್ಲಿ ಸ್ವೀಡನ್ನಿನ ಗ್ರೋನ್‌ವಾಲ್ ಮತ್ತು ಇಂಗಲ್‌ಮನ್ ಎಂಬ ವಿಜ್ಞಾನಿಗಳು ಡೆಕ್ಸ್‌ಟ್ರಾನಿನ ಉದ್ದನೆಯ ಸರವನ್ನು ಅಳತೆಗೆ ತಕ್ಕಂತೆ ತುಂಡರಿಸಿ ಒಂದು ದ್ರಾವಣ ತಯಾರಿಸಿದರು. ರಕ್ತ ಕಳೆದುಕೊಂಡವರ ನರಕ್ಕೆ ಅದನ್ನು ಕೊಟ್ಟಾಗ ರಕ್ತನಾಳಗಳಲ್ಲಿ ನೀರಿನಂಶ ಉಳಿದು ರಕ್ತದೊತ್ತಡ ಕುಸಿಯದಂತೆ ತಡೆಯುತ್ತಿತ್ತು.

ಅಮೇರಿಕದಲ್ಲಿ ಈ ಕೆಲಸವನ್ನು ಮುಂದುವರಿಸಿದವರಲ್ಲಿ ಪ್ರಮುಖರು ಅಲೀನ್ ಜೀನ್ಸ್ ಎಂಬ ಮಹಿಳೆ. ಪಿಯೋರಿಯಾ ನಗರದ ಸರಕಾರಿ ಪ್ರಯೋಗಾಲಯದಲ್ಲಿದ್ದ ಅವರ ಕೈಗೆ ಒಮ್ಮೆ ಲೋಳೆಗಟ್ಟಿ ಕೆಟ್ಟ ತಂಪು ಪಾನೀಯ ಬಂತು. ಬೇರೆಯವರು ಚರಂಡಿಗೆ ಚೆಲ್ಲುವಂಥದ್ದನ್ನು ಅವರು ಪರೀಕ್ಷಿಸಿದರು. ಅದರಲ್ಲಿದ್ದುದು ಡೆಕ್ಸ್‌ಟ್ರಾನ್ ತಯಾರಿಸುವ ಬ್ಯಾಕ್ಟೀರಿಯಾ. ಕೊರಿಯಾ ಯುದ್ಧದ ಕಾಲದಲ್ಲಿ ಡೆಕ್ಸ್‌ಟ್ರಾನ್ ಗಾಯಾಳುಗಳಿಗೆ ನೆರವಾಯಿತು. 1953ರಲ್ಲಿ ಅಲ್ಲಿನ ಕೃಷಿ ಇಲಾಖೆಯ ವಿಶಿಷ್ಟ ಸೇವಾ ಪ್ರಶಸ್ತಿ ಪಡೆದ ಮೊದಲ ಮಹಿಳೆ ಅವರೇ.

ಕಣ್ಣು ಒಣಗುವವರಿಗೆ ಕೊಡುವ ಕೆಲವು ಹನಿಗಳಲ್ಲಿ ಇಂದಿಗೂ ಡೆಕ್ಸ್‌ಟ್ರಾನ್ ಇದೆ. ರಕ್ತಹೀನತೆಗೆ ಕೊಡುವ ಕಬ್ಬಿಣಾಂಶದ ಒಂದು ಬಗೆಯ ಚುಚ್ಚುಮದ್ದಿನಲ್ಲೂ ಅದು ಇರುತ್ತದೆ. ಆದರೆ ಕೆಲವರಿಗೆ ಇದರಿಂದ ತೀವ್ರ ಅಲರ್ಜಿಯಾಗಬಹುದು. ಆದ್ದರಿಂದ ವೈದ್ಯರ ಕಣ್ಗಾವಲಿಲ್ಲದೆ ಇದನ್ನು ಪಡೆಯಬಾರದು.

ಅಡುಗೆಮನೆಯ ಪೊಟ್ಟಣದಲ್ಲಿ

ಸಾಸ್, ಕೇಕ್, ಐಸ್‌ಕ್ರೀಮ್ ಪೊಟ್ಟಣಗಳ ಹಿಂಬದಿಯಲ್ಲಿ 415 ಎಂಬ ಸಂಖ್ಯೆಯನ್ನು ನೀವು ನೋಡಿರಬಹುದು. ಅದು ಕ್ಸಾಂಥನ್ ಗಮ್. ಕ್ಸಾಂಥೊಮೊನಾಸ್ ಎಂಬ ಬ್ಯಾಕ್ಟೀರಿಯಾಕ್ಕೆ ಸಕ್ಕರೆ ಉಣಿಸಿ ಪಡೆಯುವ ಈ ಅಂಟನ್ನು ಬೆಳಕಿಗೆ ತಂದದ್ದೂ ಅಲೀನ್ ಜೀನ್ಸ್ ಮತ್ತು ಅವರ ಸಂಗಡಿಗರೇ. 418 ಎಂದರೆ ಜೆಲ್ಲಿ ಕಟ್ಟಲು ಬಳಸುವ ಜೆಲ್ಲನ್ ಗಮ್. ಅದೂ ಬ್ಯಾಕ್ಟೀರಿಯಾದಿಂದಲೇ ಬರುತ್ತದೆ. ಜೆಲಾಟಿನ್ ಹಾಗಲ್ಲ, ಅದು ಪ್ರಾಣಿಗಳ ಚರ್ಮ ಮತ್ತು ಮೂಳೆಯಿಂದ ಬರುತ್ತದೆ. ಹಲಾಲ್ ಆಹಾರದ ಬಗ್ಗೆ ಕಾಳಜಿಯಿರುವ ನಮ್ಮ ಸಹೋದರಿಯರು ಈ ವ್ಯತ್ಯಾಸ ತಿಳಿದಿದ್ದರೆ ಮಕ್ಕಳಿಗೆ ಜೆಲ್ಲಿ ಮಿಠಾಯಿ ಕೊಳ್ಳುವಾಗ ಅನುಕೂಲ.

ನಾವು ಮಾಡಬಹುದಾದದ್ದು

ಕಬ್ಬು ಬೆಳೆಯುವ ಮನೆಯವರು ಲಾರಿ ಖಚಿತವಾದ ಮೇಲೆಯೇ ಕಟಾವು ಮಾಡಿಸುವುದು ಒಳಿತು. ಕಡಿದ ಕಬ್ಬು ಸಾಧ್ಯವಾದರೆ 24 ಗಂಟೆಯೊಳಗೆ ಗಾಣಕ್ಕೆ ಬೀಳಬೇಕು. ಕಾಯಲೇಬೇಕಾಗಿ ಬಂದರೆ ನೆರಳಿನಲ್ಲಿಟ್ಟು ಕಬ್ಬಿನ ತರಗು ಮುಚ್ಚಿ ನೀರು ಚಿಮುಕಿಸಿದರೆ ನಷ್ಟ ಕಡಿಮೆಯಾಗುತ್ತದೆ. ತರಗಿಗೆ ಬೆಂಕಿಯಿಟ್ಟು ಕಡಿದ ಕಬ್ಬು ಬೇಗ ಕೆಡುತ್ತದೆ ಎಂಬುದೂ ನೆನಪಿರಲಿ. ಆದರೆ ಕಾರ್ಖಾನೆಯ ಮುಂದೆ ಸಾಲು ಕರಗಬೇಕಾದರೆ ರೈತನೊಬ್ಬನಿಂದ ಆಗದು. ಕಟಾವಿನ ಸರದಿಯನ್ನು ಸಮಯಕ್ಕೆ ಸರಿಯಾಗಿ ನಡೆಸುವುದು ಕಾರ್ಖಾನೆಗಳ ಹೊಣೆ.

ಇನ್ನೊಂದು ಮಾತು ತಾಯಂದಿರಿಗೆ. ಮಂಡ್ಯದ ವಿ.ಸಿ. ಫಾರಂನಲ್ಲಿ ಕಬ್ಬಿನ ಸಂಶೋಧನೆ ನಡೆಯುತ್ತದೆ, ಕೃಷಿ ಕಾಲೇಜೂ ಇದೆ. ಎಸ್ಸೆಸ್ಸೆಲ್ಸಿ ಮುಗಿಸಿದ ಮಗಳು ವಿಜ್ಞಾನ ಓದುತ್ತೇನೆಂದರೆ ತಡೆಯಬೇಡಿ. ಸೃಷ್ಟಿಕರ್ತನು ಯಾವುದನ್ನೂ ವ್ಯರ್ಥವಾಗಿ ಸೃಷ್ಟಿಸಿಲ್ಲ ಎಂದು ನಂಬುವವರು ನಾವು. ಹಳಸಿದ ಕಬ್ಬಿನ ಹಾಲಿನಲ್ಲೂ ಕಲಿಯಲು ಏನಿದೆ ಎಂದು ಹುಡುಕುವ ಮಕ್ಕಳು ಕಬ್ಬಿನ ನಾಡಿನ ನಮ್ಮ ಮನೆಗಳಿಂದಲೇ ಬರಲಿ.