ಪ್ರವಾಸೋದ್ಯಮ ಸಭೆಗಳಲ್ಲಿ ನಾವು ಆಡುವ ಮಾತು



ಅಡಿಕೆಯ ಧಾರಣೆ ಏರಿದಾಗ ಪ್ರವಾಸಿಗರ ವಿಚಾರ ಯಾರಿಗೂ ಬೇಡ, ಇಳಿದಾಗ ಎಲ್ಲರಿಗೂ ಬೇಕು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಕಡೆಯ ಕೆಲವು ಸದಸ್ಯರು ತೋಟದ ಮನೆಯಲ್ಲಿ ಒಂದೆರಡು ಕೋಣೆಗಳನ್ನು ಅತಿಥಿಗಳಿಗೆ ಬಿಟ್ಟುಕೊಡುವ ಯೋಚನೆಯಲ್ಲಿದ್ದಾರೆ. ಕೋಣೆ ಸಜ್ಜುಗೊಳಿಸುವುದು ಅಷ್ಟೇನೂ ಕಷ್ಟವಲ್ಲ. 2019ರಲ್ಲಿ ಮತ್ತು 2025ರಲ್ಲಿ ಬೆಂಗಳೂರಿನಲ್ಲಿ ನಡೆದ ಕರ್ನಾಟಕ ಅಂತಾರಾಷ್ಟ್ರೀಯ ಪ್ರವಾಸೋದ್ಯಮ ಮೇಳದಂತಹ ಕಡೆ ಹೋಗಿ, ಅಪರಿಚಿತರ ಮುಂದೆ ನಾಲ್ಕು ಮಾತು ಆಡುವುದೇ ಕಷ್ಟ. ಮಂಡಿಯಲ್ಲಿ ವ್ಯಾಪಾರಿಯೊಡನೆ ತಾಸುಗಟ್ಟಲೆ ಚೌಕಾಸಿ ಮಾಡಬಲ್ಲವರು ಮೈಕು ಕಂಡೊಡನೆ ಹಿಂದಿನ ಸಾಲಿಗೆ ಸರಿಯುವುದನ್ನು ನಾವು ಕಂಡಿದ್ದೇವೆ.

ಎದೆ ಬಡಿತ ಜೋರಾಗುವುದು, ಬಾಯಿ ಒಣಗುವುದು ಅಳುಕಿನ ಗುಣವಲ್ಲ, ದೇಹದ ಗುಣ. ನುರಿತ ಭಾಷಣಕಾರರಿಗೂ ಅದು ತಪ್ಪಿದ್ದಲ್ಲ. ಎದ್ದು ನಿಲ್ಲುವ ಮೊದಲು ಉಸಿರನ್ನು ನಿಧಾನವಾಗಿ ಹೊರಬಿಡಬೇಕು, ಮೊದಲ ಎರಡು ವಾಕ್ಯಗಳನ್ನು ಮಾತ್ರ ಬಾಯಿಪಾಠ ಮಾಡಿಕೊಂಡಿರಬೇಕು. ಇಡೀ ಭಾಷಣ ಬರೆದುಕೊಂಡು ಹೋದವರು ಒಂದು ಪದ ಮರೆತರೆ ಎಲ್ಲವನ್ನೂ ಮರೆಯುತ್ತಾರೆ. ಭಾಷೆಯ ಚಿಂತೆ ಬೇಡ. ಸ್ಪಷ್ಟವಾದ ಕನ್ನಡ ತೊದಲುವ ಇಂಗ್ಲಿಷಿಗಿಂತ ಮೇಲು. ಅಗತ್ಯ ಬಿದ್ದರೆ ಕಾಲೇಜು ಓದುವ ಮಗಳನ್ನೋ ಮಗನನ್ನೋ ಜೊತೆಗೆ ಕರೆದೊಯ್ಯಬಹುದು.

ಇನ್ನು ಏನು ಹೇಳಬೇಕು? ಇಂತಹ ಮೇಳಗಳಲ್ಲಿ ಪ್ರವಾಸ ಸಂಸ್ಥೆಯವರೊಡನೆ ಮುಖಾಮುಖಿ ಭೇಟಿಗೆ ಸಿಗುವುದು ಕೆಲವೇ ನಿಮಿಷ. 'ನಮ್ಮದು ಸುಂದರವಾದ ಊರು' ಎಂದು ಎಲ್ಲರೂ ಹೇಳುತ್ತಾರೆ. ಕೇಳಿದವರ ನೆನಪಿನಲ್ಲಿ ಉಳಿಯುವುದು ಕಣ್ಣಿಗೆ ಕಟ್ಟುವ ಸಂಗತಿ. ಸೂಳೆಕೆರೆಯನ್ನು, ಅಂದರೆ ಶಾಂತಿಸಾಗರವನ್ನು, ಏಷ್ಯಾದಲ್ಲಿ ಎಷ್ಟನೆಯ ದೊಡ್ಡದು ಎಂದು ಹೇಳುವ ಬದಲು, ಎರಡು ಗುಡ್ಡಗಳ ನಡುವೆ ಹರಿದ್ರಾ ಹಳ್ಳಕ್ಕೆ ಅಡ್ಡಲಾಗಿ ಏರಿ ಹಾಕಿ ಇಷ್ಟು ನೀರು ನಿಲ್ಲಿಸಿದ ಜಾಣ್ಮೆಯನ್ನು ಹೇಳಿ. ಸಂತೆಬೆನ್ನೂರಿನ ಪುಷ್ಕರಣಿಯ ನಡುವೆ ನೀರಿನಲ್ಲಿ ನಿಂತಿರುವ ಮಂಟಪವನ್ನು ಬಣ್ಣಿಸಿ. ನ್ಯಾಮತಿಯವರು ಸೂರಗೊಂಡನಕೊಪ್ಪದ ಹೆಸರೆತ್ತಬೇಕು. ಸಂತ ಸೇವಾಲಾಲರ ಜನ್ಮಸ್ಥಳವೆಂದು ಪ್ರತಿ ಫೆಬ್ರವರಿಯಲ್ಲಿ ನೆರೆರಾಜ್ಯಗಳಿಂದಲೂ ಬಂಜಾರ ಭಕ್ತರು ಅಲ್ಲಿಗೆ ಬರುತ್ತಾರೆ. ಜಗಳೂರಿನವರು ತಮ್ಮದು ಬರದ ಸೀಮೆ ಎಂದು ಸಂಕೋಚಪಡುವುದುಂಟು. ಆದರೆ ನಾಲ್ಕು ಕೊಂಬಿನ ಕೊಂಡುಕುರಿಗೆ ಬೇಕಾದುದು ಆ ಒಣ ಕುರುಚಲು ಕಾಡೇ. ರಂಗಯ್ಯನದುರ್ಗವನ್ನು ಅದರ ಅಭಯಾರಣ್ಯವೆಂದು ಘೋಷಿಸಿದ್ದು 2011ರಲ್ಲಿ. ಇದು ದಾವಣಗೆರೆಯಲ್ಲೇ ಎಷ್ಟೋ ಜನಕ್ಕೆ ತಿಳಿಯದು.

ತೋಟದ ವಿಚಾರಕ್ಕೆ ಬಂದರೆ, ಕಾಫಿ ಬೆಳೆಯುವ ಸದಸ್ಯರಿಗೆ ತೊಂದರೆ ಕಡಿಮೆ. ಲೋಟ ಮುಂದಿಟ್ಟರೆ ಅರ್ಧ ಮಾತು ಮುಗಿಯಿತು. ಅಡಿಕೆಯವರು ಮಾತ್ರ ಒಂದು ಪ್ರಶ್ನೆಗೆ ಸಿದ್ಧರಾಗಿಯೇ ಹೋಗಬೇಕು: 'ಅಡಿಕೆಯಿಂದ ಕ್ಯಾನ್ಸರ್ ಬರುತ್ತದಂತಲ್ಲ, ಸ್ವಾಮಿ?' ನಮ್ಮವರು ಬಾಯಿ ಕಟ್ಟಿ ನಿಲ್ಲುವುದು, ಇಲ್ಲವೇ ಸಿಟ್ಟಿಗೇಳುವುದು ಇಲ್ಲಿಯೇ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ, ತಂಬಾಕು ಬೆರೆಸದ ಅಡಿಕೆಯನ್ನೂ ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿದೆ. ಬೆಳೆಗಾರರಿಗೆ ಇದು ಇಷ್ಟವಾಗದ ಮಾತು, ಆದರೂ ಕೇಳಿದವರಿಗೆ ಅಂಥದ್ದೇನೂ ಇಲ್ಲವೆಂದು ಹೇಳಿದರೆ ನಮ್ಮ ಉಳಿದ ಮಾತನ್ನೂ ಅವರು ನಂಬಲಾರರು. ಹೀಗೆ ಹೇಳಬಹುದು: 'ಹೌದು ಸರ್, ಅಗಿಯುವುದರ ಬಗ್ಗೆ ಅಂತಹ ವರದಿ ಇದೆ. ನಾವು ಅತಿಥಿಗಳಿಗೆ ಅಡಿಕೆ ತಿನ್ನಿ ಎನ್ನುವುದಿಲ್ಲ. ಗೊನೆ ಇಳಿಸುವುದನ್ನು, ಸುಲಿದು ಹಂಡೆಯಲ್ಲಿ ಬೇಯಿಸುವುದನ್ನು, ಚೊಗರಿನಲ್ಲಿ ಅದ್ದಿ ಕೆಂಪಡಿಕೆ ಮಾಡುವುದನ್ನು ನೋಡಲು ಕರೆಯುತ್ತೇವೆ. ಊಟ ಬಡಿಸುವುದು ಹಾಳೆ ತಟ್ಟೆಯಲ್ಲಿ.' ಇಷ್ಟು ಸಾಕು, ವಾದಕ್ಕೆ ಇಳಿಯಬೇಡಿ. ಬೆಳೆಯ ಭವಿಷ್ಯದ ಚರ್ಚೆಗೆ ನಮ್ಮ ವಾರ್ಷಿಕ ಮಹಾಸಭೆ ಇದ್ದೇ ಇದೆ.

ಪರಿಚಯ ಬೆಳೆಸುವುದು ಎಂದರೆ ವಿಸಿಟಿಂಗ್ ಕಾರ್ಡು ಹಂಚುವುದಲ್ಲ. ಮದುವೆ ಮನೆಯಲ್ಲಿ ಮೊದಲು ಯಾವೂರು, ಯಾರ ಪೈಕಿ ಎಂದು ವಿಚಾರಿಸುತ್ತೇವಲ್ಲ, ಅದೇ ಕ್ರಮ ಇಲ್ಲಿಗೂ ಸಲ್ಲುತ್ತದೆ. ಎದುರಿನವರು ಎಂತಹ ಪ್ರವಾಸಿಗರನ್ನು ಕರೆತರುತ್ತಾರೆ, ಯಾವ ತಿಂಗಳಲ್ಲಿ, ಎಷ್ಟು ದಿನಕ್ಕೆ ಎಂದು ಮೊದಲು ಕೇಳಿ, ಆಮೇಲೆ ನಿಮ್ಮದನ್ನು ಹೇಳಿ. ಜೋಗಕ್ಕೆ ಹೋಗುವ ತಂಡದವರಿಗೆ ಒಂದು ರಾತ್ರಿಯ ತಂಗುದಾಣ ಬೇಕಿರಬಹುದು. ಶಾಲಾ ಪ್ರವಾಸದವರಿಗೆ ಅರ್ಧ ದಿನದ ತೋಟ ಸಾಕು. ಅವರು ಕೊಟ್ಟ ಕಾರ್ಡಿನ ಹಿಂಬದಿಯಲ್ಲಿ ಆಡಿದ ಮಾತನ್ನು ಒಂದು ಸಾಲಿನಲ್ಲಿ ಅಲ್ಲಿಯೇ ಗುರುತು ಹಾಕಿಕೊಳ್ಳಿ. ಊರಿಗೆ ಮರಳಿದ ವಾರದೊಳಗೆ ಆ ಮಾತನ್ನು ನೆನಪಿಸಿ ಪತ್ರವನ್ನೋ ವಾಟ್ಸ್ಆಪ್ ಸಂದೇಶವನ್ನೋ ಕಳುಹಿಸಿ. ಮಾತು ಚೆನ್ನಾಗಿ ಆಡಿ ಬಂದವರೂ ಈ ಒಂದು ಕೆಲಸವನ್ನು ಕೊಯ್ಲಿನ ಗಡಿಬಿಡಿಯಲ್ಲಿ ಬಿಟ್ಟುಬಿಡುತ್ತಾರೆ.

ಅಭ್ಯಾಸಕ್ಕೆ ದಾರಿಯುಂಟು. 1924ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ರಾಲ್ಫ್ ಸ್ಮೆಡ್ಲಿ ಎಂಬವರು ಟೋಸ್ಟ್‌ಮಾಸ್ಟರ್ಸ್ ಎಂಬ ಕೂಟ ಆರಂಭಿಸಿದರು. ಅಲ್ಲಿ ಪಾಠವಿಲ್ಲ, ಸದಸ್ಯರೇ ಸರದಿಯಂತೆ ಮಾತನಾಡುತ್ತಾರೆ, ಒಬ್ಬರು ಗಡಿಯಾರ ನೋಡುತ್ತಾರೆ, ಇನ್ನೊಬ್ಬರು ಒಪ್ಪು ತಪ್ಪು ಹೇಳುತ್ತಾರೆ. ಸಹಕಾರ ಸಂಘದವರಾದ ನಮಗೆ ಈ ಪದ್ಧತಿ ಹೊಸದೆನಿಸಬೇಕಾಗಿಲ್ಲ. ಮುಂದಿನ ಮಾಸಿಕ ಸಭೆಯ ನಂತರ, ಕಾಫಿ ವಿತರಣೆಗೆ ಮುಂಚೆ, ಇಚ್ಛೆಯುಳ್ಳ ಸದಸ್ಯರಿಗೆ ತಲಾ ಎರಡು ನಿಮಿಷ ಕೊಡಲಾಗುವುದು. ವಿಷಯ: ನನ್ನ ತೋಟಕ್ಕೆ ಬಂದವರಿಗೆ ಮೊದಲು ಏನು ತೋರಿಸುತ್ತೇನೆ. ಮಹಿಳಾ ಸದಸ್ಯರೂ ಸದಸ್ಯರ ಮನೆಯ ಯುವಕ ಯುವತಿಯರೂ ಭಾಗವಹಿಸಬಹುದು. ಹೆಸರನ್ನು ಕಚೇರಿಯಲ್ಲಿ ಮುಂಚಿತವಾಗಿ ಬರೆಸತಕ್ಕದ್ದು. ಸಮಯ ಮೀರಿದರೆ ಗಂಟೆ ಬಾರಿಸಲಾಗುವುದು, ಅಧ್ಯಕ್ಷರಿಗೂ ವಿನಾಯಿತಿ ಇಲ್ಲ.